ದುಂಡಗೆ ಹಾಕಿದ ಸಹಿ

ಮೊದಲ ಪಾಳಿ, ಬೆಳಗಿನ ಹತ್ತು ಗಂಟೆ. ನಾನು ಎರಡನೇ ಕುಲುಮೆಯ ಎಡಗಡೆ, ಕಬ್ಬಿಣದ ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತಿದ್ದೆ. ಕರಗಿದ ತಾಮ್ರವನ್ನು ದೊಡ್ಡ ಬೋಗುಣಿಗೆ ಬಿಟ್ಟರು. ಸದ್ದು ಕೇಳಿದ ನೆನಪಿಲ್ಲ. ಜೊತೆಯ ಕೆಲಸಗಾರ ಬುಧನ್ ನಿಂತಿದ್ದ ಜಾಗದಲ್ಲಿ ಬೆಳಕು ಮಾತ್ರ ಇತ್ತು.

ಲಿಂಗನಮಕ್ಕಿಯ ನೀರು ಹೊಸನಗರದ ಕಡೆಯ ನಮ್ಮ ಊರನ್ನು ಮುಳುಗಿಸಿದ ಮರುವರ್ಷ ನಾನು, ಹೆಂಡತಿ ಸರೋಜ ಬಿಹಾರದ ಈ ತಾಮ್ರದ ಊರಿಗೆ ಬಂದೆವು. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಇಲ್ಲಿಯವನೊಬ್ಬ ದಾರಿ ತೋರಿಸಿದ್ದ. ಸಾಗರ, ತೀರ್ಥಹಳ್ಳಿಯಲ್ಲಿ ಓದುವವರಿಗೆ ಹೇಳಬೇಕು: ಇಲ್ಲಿ ಬೆಳಗಿನ ತಿಂಡಿ ಮೂಡಿ, ಅಂದರೆ ನಮ್ಮ ಮಂಡಕ್ಕಿ, ಹಸಿಮೆಣಸಿನ ಜೊತೆ. ಅಲ್ಲಿ ಮಳೆ ಬಂದರೆ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದೆವು. ಇಲ್ಲಿ ಮಳೆಗೆ ಕುಲುಮೆಯವರು ಹೆದರುತ್ತಾರೆ. ಬೋಗುಣಿಯಲ್ಲಿ ತೇವ ಉಳಿದರೆ ಲೋಹ ಸಿಡಿಯುತ್ತದೆ. ಬೆಂಕಿಯಲ್ಲಿ ಒಣಗಿಸಿಯೇ ಬಳಸಬೇಕು. ಆ ದಿನ ಅದು ಹೊರಗೆ ಮಳೆಯಲ್ಲಿ ನೆನೆದಿತ್ತು.

"ಸಾಹೇಬ್, ಇನ್ನೂ ಹಸಿ ಇದೆ," ಎಂದ ಬುಧನ್.

"ಒಣಗೋವರೆಗೂ ಕಾಯೋದಕ್ಕೆ ಇದೇನು ನಿನ್ನ ಮಾವನ ಮನೆಯಾ? ಬಿಡು," ಎಂದ ಮೇಸ್ತ್ರಿ.

ಬುಧನ್ ಸತ್ತ. ಕುಡಿದ ಅಮಲಿನಲ್ಲಿ ಅವನೇ ಬೋಗುಣಿಗೆ ನೀರು ಚೆಲ್ಲಿದ್ದ ಎಂದು ಕಚೇರಿ ಹೇಳಿತು. ಅದರ ಮೇಲೆ ನಾವು ಹದಿನೆಂಟು ಜನ ಸಂಘ ಕಟ್ಟಿದೆವು. ನಡೆದದ್ದನ್ನು ಬರೆದು, ಸಹಿಗಳನ್ನು ಬಳೆಯ ಹಾಗೆ ದುಂಡಗೆ ಹಾಕುವುದು ಇಲ್ಲಿಯ ಪದ್ಧತಿ. ಮೊದಲು ಹಾಕಿದವನು ಯಾರೆಂದು ತಿಳಿಯಬಾರದು. ಉಳಿದವರೆಲ್ಲ ಹೆಬ್ಬೆಟ್ಟು ಒತ್ತಿದರು, ಇಲ್ಲವೇ ಹಿಂದಿಯಲ್ಲಿ ಬರೆದರು. ನಾನು ಓದಿದವನೆಂಬ ಹೆಮ್ಮೆಯಲ್ಲಿ ಕನ್ನಡದಲ್ಲಿ ಸಹಿ ಮಾಡಿದೆ. ಇಡೀ ಕಾರ್ಖಾನೆಯಲ್ಲಿ ಕನ್ನಡ ಬರೆಯುವವನು ನಾನೊಬ್ಬನೇ.

ಹಾಳೆಯನ್ನು ಕಚೇರಿಗೆ ಕೊಟ್ಟ ಮರುದಿನ ಮ್ಯಾನೇಜರ್ ಕರೆಸಿದ. ಹಾಳೆಯ ಮೇಲೆ ಬೆರಳಿಟ್ಟ. "ಈ ಜಿಲೇಬಿ ನಿಂದೇ ತಾನೆ? ಬುಧನ್ ನೀರು ಚೆಲ್ಲಿದ್ದನ್ನ ಕಂಡೆ ಅಂತ ಬರೆದುಕೊಡು. ಇಲ್ಲಾಂದ್ರೆ ಶನಿವಾರ ಕ್ವಾರ್ಟರ್ಸ್ ಖಾಲಿ ಮಾಡು."

"ಎಂತ ಮಾಡ್ಕಂಡ್ ಬಂದ್ರಿ ಮಾರಾಯ್ರೆ?" ಎಂದಳು ಸರೋಜ. "ಊರಿಗೆ ಹೋಗಿ ನೀರಿನ ಮೇಲೆ ಚಾಪೆ ಹಾಸೋದಾ?" ಆಮೇಲೆ ಕೇಳಿದಳು, "ನೀವು ಕಂಡಿದ್ದು ಎಂತ?"

ಹೇಳಿದೆ. ಅವಳು ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದಳು.

ಶನಿವಾರ ಬುಧನನ ಹೆಂಡತಿ ತನ್ನ ಗುಡಿಸಲಲ್ಲಿ ಒಂದು ಮೂಲೆ ಕೊಟ್ಟಳು. ಹದಿನೇಳು ಜನ ಗೇಟಿನಲ್ಲಿ ಕೂತದ್ದರಿಂದ ಕೆಲಸ ಹೋಗಲಿಲ್ಲ. ಕುಲುಮೆ ಬಿಡಿಸಿ, ತಾಮ್ರ ತೆಗೆದ ಮೇಲೆ ಉಳಿಯುವ ಕಿಟ್ಟ ಹೊರಲು ಹಾಕಿದರು. ಇಂದಿಗೂ ಹೊರುತ್ತಿದ್ದೇನೆ. ಈಗ ಒಣಗದ ಬೋಗುಣಿಯನ್ನು ಯಾರೂ ಮುಟ್ಟುವುದಿಲ್ಲ. ಇಲ್ಲಿಯವರಿಗೆ ನಾನು ಮದ್ರಾಸಿ. ಅಲ್ಲಿ ನಾನು ಯಾವ ಊರಿನವನೋ ಆ ಊರು ಇಲ್ಲ.

ಅಂದು ಹತ್ತಿರದಿಂದ ಕಂಡವರು ಇನ್ನಿಬ್ಬರು. ರಾಮಾವತಾರ್ ಹೋದ ವರ್ಷ ತೀರಿಕೊಂಡ. ಸೋಮ್ರಾ ಇದ್ದಾನೆ. ಅವನ ಒಂದು ಕಣ್ಣು ಅಂದೇ ಹೋಯಿತು. ಕೇಳಿದರೆ ಹೇಳುತ್ತಾನೆ.