ಇಡೀ ಬೋಟ್ ನಮ್ದರಿ

ಬಟ್ಟೆ ಅಂಗಡಿಯ ಮುರಿಗೆಪ್ಪನವರು ಊರಿಂದ ಬಂದ ಬೀಗರನ್ನು ಸ್ವಾರಗೇಟ್ ಬಸ್ ನಿಲ್ದಾಣದಿಂದ ಮನೆಗೆ ಕರೆತರುವುದಿಲ್ಲ, ನೇರ ಪಾನಶೇತದ ಜಲಾಶಯಕ್ಕೆ ಒಯ್ಯುತ್ತಾರೆ. "ಚಾ ಆಮ್ಯಾಲ ಕುಡಿಯೂಣಂತ, ಮೊದಲ ನೀರು ನೋಡ್ರಿ" ಎನ್ನುತ್ತಾರೆ. ಪರ್ವತಿ ಗುಡ್ಡವನ್ನು ದಾರಿಯಲ್ಲಿ ಬೆರಳು ಮಾಡಿ ತೋರಿಸಿ ಮುಗಿಸುತ್ತಾರೆ. ಬಂದವರು ಇಬ್ಬರೇ ಆದರೂ ಹತ್ತು ಜನರ ಬೋಟನ್ನು ಇಡಿಯಾಗಿ ಹಿಡಿಯುತ್ತಾರೆ. ಬೇರೆ ಯಾರಾದರೂ ಹತ್ತಲು ಬಂದರೆ "ಪೂರ್ಣ ಬೋಟ್ ಆಮಚೀ ಆಹೆ" ಎಂದು ಮರಾಠಿಯಲ್ಲಿ ತಡೆದು, ನಮ್ಮ ಕಡೆ ತಿರುಗಿ "ಇಡೀ ಬೋಟ್ ನಮ್ದರಿ" ಎನ್ನುತ್ತಾರೆ. ಬೀಗರು ಇದನ್ನು ದೊಡ್ಡಸ್ತಿಕೆ ಎಂದೇ ತಿಳಿದಿದ್ದಾರೆ. ಹತ್ತುವ ಮೊದಲು ಎಲ್ಲರ ಚಪ್ಪಲಿ ಕಳೆಸಿ ದಂಡೆಯ ಮೇಲೆ ಇಡಿಸುತ್ತಾರೆ. ಸ್ವಂತ ಅಳಿಯ ಬೂಟು ಬಿಚ್ಚಲು ಒಪ್ಪದಿದ್ದಾಗ ಅವನನ್ನು ದಂಡೆಯಲ್ಲೇ ಬಿಟ್ಟು ಹೋದರು; ಅವನು ಭೇಳ ತಿನ್ನುತ್ತ ಕುಳಿತ. ನಡುನೀರಿನಲ್ಲಿ ಯಾರಾದರೂ ಜೋರಾಗಿ ನಕ್ಕರೆ "ಸಾವಕಾಶ್ರಿ, ಸಾವಕಾಶ" ಎಂದು ಗದರುತ್ತಾರೆ. ಪಕ್ಕದ ಅಂಗಡಿಯವನೆಂದು ನನ್ನನ್ನೂ ಪ್ರತಿ ಸಲ ಎಳೆದುಕೊಂಡು ಹೋಗುತ್ತಾರೆ. ಗಂಗವ್ವನ ಮೇಲೆ ಇಷ್ಟು ಭಕ್ತಿಯೇ ಎಂದು ಕಳೆದ ಸಲ ಕೇಳಿಬಿಟ್ಟೆ. ಮುರಿಗೆಪ್ಪನವರು ಬಗ್ಗಿ ನೀರನ್ನೇ ನೋಡುತ್ತ ಹೇಳಿದರು: "ಗಂಗವ್ವಗಲ್ಲರಿ. ಇದು ಡ್ಯಾಮಿನ ನೀರು, ಕೆಳಗ ಯಾರದರೇ ಊರು ಇರ್ತದ. ಬಾಗಲಕೋಟ್ಯಾಗ ನಮ್ಮ ಮನಿ ಮ್ಯಾಲೂ ಈಗ ಹಿಂಗ ನೀರು ನಿಂತದ. ಗುರ್ತಿಲ್ಲದವ್ರಿಗೆ ಚಪ್ಪಲಿ ಕಳೀರಿ ಅನ್ನಾಕ ಬರೂದಿಲ್ಲ, ಅದಕ್ಕ ಇಡೀ ಬೋಟು. ಮಂದಿ ಮಾಳಗಿ ಮ್ಯಾಲ ಚಪ್ಪಲಿ ಹಾಕ್ಕೊಂಡು ಅಡ್ಡಾಡಬಾರದ್ರಿ."