ಮೈದಾ ಇಲ್ಲದ ಟಾರ್ಟ್

ಹೆಂಡತಿ ತೀರಿಕೊಂಡ ಮೇಲೆ ಮೈಲೂರಿನ ನಮ್ಮ ಮನೆಯಲ್ಲಿ ನನಗೆ ಮೊದಲು ಎದುರಾದ ತೊಂದರೆ ಅಡುಗೆಮನೆಯ ಡಬ್ಬಿಗಳದು. ಒಂದರ ಮೇಲೂ ಏನೂ ಬರೆದಿರಲಿಲ್ಲ. ಯಾವುದರಲ್ಲಿ ಅಕ್ಕಿ ಹಿಟ್ಟು, ಯಾವುದರಲ್ಲಿ ಮೈದಾ ಎಂಬುದು ಅವಳಿಗೆ ಗೊತ್ತಿತ್ತು. ಬರೆಯುವ ಅಗತ್ಯ ಬಿದ್ದಿರಲಿಲ್ಲ. ನಾನು ಮೂಸಿ ನೋಡಿದೆ, ನಾಲಿಗೆಗೆ ಹಚ್ಚಿ ನೋಡಿದೆ. ಆಯುಷ್ಯವಿಡೀ ಬಸ್ ಕಂಡಕ್ಟರ್ ಆಗಿದ್ದವನಿಗೆ ಟಿಕೆಟ್ ತೆಗೆದುಕೊಳ್ಳದವರ ಮುಖ ಗೊತ್ತಾಗುತ್ತದೆ, ಹಿಟ್ಟು ಗೊತ್ತಾಗುವುದಿಲ್ಲ. ಕೊನೆಗೆ ಎಲ್ಲ ಡಬ್ಬಿಗಳನ್ನೂ ಬರಿದು ಮಾಡಿ, ಹಿಟ್ಟನ್ನು ಪಕ್ಕದ ಮನೆಯವರ ಎಮ್ಮೆಗೆ ಕೊಟ್ಟೆ. ಎಮ್ಮೆಗೆ ಏನೂ ಆಗಲಿಲ್ಲ.

ಇಷ್ಟು ಮಾಡಿದ್ದು ಮಗಳ ಸಲುವಾಗಿ. ಅವಳಿಗೆ ಗೋಧಿ ಆಗುವುದಿಲ್ಲ. ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಜಿಗುಟು ಇರುತ್ತದೆ, ಅದು ಚಿಟಿಕೆಯಷ್ಟು ಹೊಟ್ಟೆಗೆ ಹೋದರೂ ಈಕೆಯ ಕರುಳು ತಡೆಯುವುದಿಲ್ಲ ಎಂದು ಹೈದರಾಬಾದಿನ ಡಾಕ್ಟರು ಹೇಳಿದ್ದರು. ಜೋಳದ ರೊಟ್ಟಿ ತಿನ್ನುವ ನಮ್ಮ ಕಡೆ ಇದೇನು ದೊಡ್ಡ ಮಾತು ಎಂದು ನಾನು ಅಂದುಕೊಂಡೆ. ಆದರೆ ಗಿರಣಿಯಲ್ಲಿ ಜೋಳ ಬೀಸುವ ಮೊದಲು ಯಾರದೋ ಗೋಧಿ ಬೀಸಿರುತ್ತಾರೆ. ಒಂದು ಮದುವೆಯಲ್ಲಿ ಸಾರು ಗಟ್ಟಿಯಾಗಲಿ ಎಂದು ಗೋಧಿ ಹಿಟ್ಟು ಕಲಸಿ ಹಾಕಿದ್ದರು. ಮಗಳು ವಾರವಿಡೀ ಮಲಗಿದ್ದಳು.

ನನ್ನ ಹೆಂಡತಿ ನರ್ಸ್ ಆಗಿದ್ದವಳು. ಅಂದಿನಿಂದ ಅವಳು ಅಡುಗೆಮನೆಯನ್ನು ಆಪರೇಷನ್ ಕೋಣೆಯ ಹಾಗೆ ನಡೆಸಿದಳು. ಮಗಳ ಹಂಚು ಬೇರೆ, ಲಟ್ಟಣಿಗೆ ಬೇರೆ, ಒರೆಸುವ ಬಟ್ಟೆಯೂ ಬೇರೆ. ಕ್ರಿಸ್‌ಮಸ್ ಕೇಕ್ ತಿನ್ನಲಾಗದ ಮಗಳಿಗೆ ಅವಳು ಬಾದಾಮಿ ಮತ್ತು ಹಣ್ಣಿನ ಒಂದು ಟಾರ್ಟ್ ಮಾಡುತ್ತಿದ್ದಳು. ಮಗಳು ಯಾರ ಮನೆಗೆ ಹೋದರೂ ಹತ್ತು ಪ್ರಶ್ನೆ ಕೇಳಿ ತಿನ್ನುವವಳು, ತಾಯಿಯನ್ನು ಮಾತ್ರ ಒಂದು ಸಲವೂ ಕೇಳಿದ್ದಿಲ್ಲ.

ಮಗಳು ಔರಾದಿನ ಶಾಲೆಯಲ್ಲಿ ಕಲಿಸುತ್ತಾಳೆ, ಅಲ್ಲೇ ಕೋಣೆ ಮಾಡಿಕೊಂಡಿದ್ದಾಳೆ. ತಾಯಿಯ ಮಣ್ಣಾದ ಮೇಲೆ ಮೊದಲ ಸಲ ರಜೆಗೆ ಬಂದಾಗ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದಳು.

"ಪಪ್ಪಾ, ತಪ್ಪ ತಿಳ್ಕೋಬ್ಯಾಡ್ರಿ. ನಾ ನಂದು ತಂದೀನಿ."

"ಛಲೋ ಆಯ್ತಲ್ಲವ್ವಾ," ಎಂದೆ.

ಅವಳು ಅವಳ ರೊಟ್ಟಿ ತಿಂದಳು, ನಾನು ನನ್ನ ಅನ್ನ ಉಂಡೆ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಇಬ್ಬರು ಒಂದೇ ಬೆಂಚಿನ ಮೇಲೆ ಕುಳಿತು ಉಣ್ಣುವ ಹಾಗೆ ಇತ್ತು. ಅವಳದು ತಪ್ಪಲ್ಲ. ನನ್ನ ಕೈಯ ಊಟವನ್ನು ನಾನೇ ನಂಬುತ್ತಿರಲಿಲ್ಲ. ಆದರೆ ಅದಾದ ಮೇಲೆ ಪ್ರತಿ ಸಲ ಅವಳು ಬಂದಾಗಲೂ ಡಬ್ಬಿ ಬಂತು.

ವರ್ಷದ ಸ್ಮರಣೆ ಪ್ರಾರ್ಥನೆ ಹತ್ತಿರ ಬಂತು. ಪ್ರಾರ್ಥನೆ ಆದ ಮೇಲೆ ಬಂದವರಿಗೆ ಊಟ, ಊಟದ ಜೊತೆಗೆ ತೀರಿಕೊಂಡವರು ಮಾಡುತ್ತಿದ್ದ ಒಂದು ಸಿಹಿ. ಇದು ನಮ್ಮ ಮನೆತನದಲ್ಲಿ ನಡೆದುಕೊಂಡು ಬಂದದ್ದು. ನಾನು ಟಾರ್ಟ್ ಮಾಡುತ್ತೇನೆ ಎಂದು ನಿಶ್ಚಯಿಸಿದೆ. ಮಗಳು ಆ ದಿನವಾದರೂ ಡಬ್ಬಿ ತೆರೆಯದೆ ನಮ್ಮ ಮನೆಯಲ್ಲಿ ಏನನ್ನಾದರೂ ತಿನ್ನಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಭಾಲ್ಕಿಯಿಂದ ನನ್ನ ಅಕ್ಕ ಮುಂಚಿತವಾಗಿ ಬಂದಳು. ನಾನು ಹೊಸ್ತಿಲ ಮೇಲೆ ಕುಳಿತು ನೆನೆಸಿದ ಬಾದಾಮಿಯ ಸಿಪ್ಪೆ ತೆಗೆಯುತ್ತಿದ್ದೆ.

"ಏನೊ ತಮ್ಮಾ, ಇಷ್ಟ ಬಾದಾಮಿ? ಕುಸ್ತಿ ಆಡಾಂವ ಇದ್ದಿಯೇನ್?"

"ಟಾರ್ಟ್ ಮಾಡ್ತೇನಿ ಅಕ್ಕಾ."

"ನೀ? ಒಲಿ ಹಚ್ಚಲಿಕ್ಕ ಬರ್ತದೇನ್ ನಿನಗ?"

ಬರುತ್ತಿತ್ತು. ಬಾರದೆ ಇದ್ದದ್ದು ಮಿಕ್ಸರ್. ಬಾದಾಮಿಯನ್ನು ಬಿಸಿಲಿನಲ್ಲಿ ಒಣಗಿಸಿ ಪುಡಿ ಮಾಡುವಾಗ ನಾನು ಒಂದೇ ಸಮನೆ ಬಟನ್ ಹಿಡಿದುಕೊಂಡು ನಿಂತೆ. ಪುಡಿ ಎಣ್ಣೆ ಬಿಟ್ಟು ಮುದ್ದೆಯಾಯಿತು. ಅಕ್ಕ ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದು, ಇದೇ ಛಲೋ ಅದ, ಇಲ್ಲಿಗೇ ಬಿಡು ಎಂದಳು. ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದೆ, ಪುಡಿಯಾಯಿತು. ಅಕ್ಕಿಯನ್ನೂ ತೊಳೆದು ಒಣಗಿಸಿ ಅದರಲ್ಲೇ ಬೀಸಿದೆ, ಗಿರಣಿಗೆ ಕೊಡಲಿಲ್ಲ. ತುಪ್ಪ, ಸಕ್ಕರೆ, ಒಂದು ತತ್ತಿ ಹಾಕಿ ಕಲಸಿ ತಗಡಿನ ತಟ್ಟೆಗೆ ಒತ್ತಿದೆ. ಅಂಚು ನಿಲ್ಲುತ್ತಿರಲಿಲ್ಲ. ಒಂದು ಕಡೆ ಏರಿಸಿದರೆ ಇನ್ನೊಂದು ಕಡೆ ಕುಸಿಯುತ್ತಿತ್ತು. ಖುಬಾನಿ, ಅಂದರೆ ಒಣಗಿದ ಜರ್ದಾಲು ಹಣ್ಣನ್ನು ನೆನೆಸಿ, ಬೀಜ ತೆಗೆದು, ಕುದಿಸಿ ಗಟ್ಟಿ ಪಾಕ ಮಾಡಿಟ್ಟೆ. ಪೇರಲ ಹಣ್ಣನ್ನು ತೆಳ್ಳಗೆ ಹೆಚ್ಚಿಟ್ಟೆ.

ಬೇಯಿಸುವುದು ಹೇಗೆ ಎಂದು ನಾನು ಯೋಚಿಸಲೇ ಇಲ್ಲ, ಏಕೆಂದರೆ ನನಗೆ ಗೊತ್ತಿತ್ತು. ನಮ್ಮ ಜನ ಹಬ್ಬದ ಕೇಕನ್ನು ಮನೆಯಲ್ಲಿ ಕಲಸಿ, ಬೇಯಿಸಲು ಬೇಕರಿಯ ಭಟ್ಟಿಗೆ ಒಯ್ಯುತ್ತಾರೆ. ತಟ್ಟೆಗಳನ್ನು ಹೊತ್ತುಕೊಂಡು ಹೋಗಿ ಸಾಲಿನಲ್ಲಿ ನಿಲ್ಲುವುದು ಮೊದಲಿನಿಂದ ನನ್ನ ಕೆಲಸ. ಟಾರ್ಟ್ ಮಾಡುವ ಹೊತ್ತಿಗೆ ಮಾತ್ರ ನಾನು ಡ್ಯೂಟಿಯ ಮೇಲೆ ಇರುತ್ತಿದ್ದೆ. ಅದೂ ಭಟ್ಟಿಗೇ ಹೋಗುತ್ತದೆ ಎಂದುಕೊಂಡಿದ್ದೆ.

ಪ್ರಾರ್ಥನೆಯ ಹಿಂದಿನ ಮಧ್ಯಾಹ್ನ ತಟ್ಟೆಯನ್ನೂ ಪಾಕದ ಬೋಗುಣಿಯನ್ನೂ ಪೇರಲದ ಹೋಳುಗಳನ್ನೂ ತೆಗೆದುಕೊಂಡು ಹೋದೆ. ಭಟ್ಟಿಯ ಮಾಲೀಕರು ನನ್ನ ವಯಸ್ಸಿನವರು. ಹಬ್ಬ ಬಂತೆಂದರೆ ನಮ್ಮವರ ತಟ್ಟೆಗಳೆಲ್ಲ ಅವರ ಕೈಯಲ್ಲೇ ಹಾದುಹೋಗುವುದು. ಅವರು ತಟ್ಟೆ ಎತ್ತಿ ನೋಡಿದರು.

"ಇದ ಕ್ಯಾ ಹೈ ಭಾಯಿಸಾಬ್? ಕೇಕ್ ಅಲ್ಲ ಇದು."

"ಟಾರ್ಟ್ ಅಂತಾರ್ರಿ. ಇದರಾಗ ಮೈದಾ ಇಲ್ಲ."

"ಮೈದಾ ಇಲ್ಲ?" ಅವರು ಅಂಚನ್ನು ಬೆರಳಿನಿಂದ ಮುಟ್ಟಿದರು. ಅಂಚು ಉದುರಿತು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಸಿಸ್ಟರ್ ಹೋಗಿ ಒಂದ್ ಸಾಲ್ ಆಯ್ತಲ್ರಿ?"

"ನಾಳಿಗೆ ಆಗ್ತದ್ರಿ."

"ಫಿಕರ್ ಮಾಡಬ್ಯಾಡ್ರಿ. ಅಸರ್ ನಮಾಜ್ ಆದ ಮ್ಯಾಲ ಬರ್ರಿ. ನಾ ಎಲ್ಲಾ ನೋಡ್ಕೋತೇನಿ."

ಸಂಜೆ ಹೋದಾಗ ಟಾರ್ಟ್ ಮೇಜಿನ ಮೇಲಿತ್ತು. ಅಂಥದ್ದನ್ನು ನಾನು ಹೈದರಾಬಾದಿನ ಅಂಗಡಿಗಳ ಗಾಜಿನ ಆಚೆ ಮಾತ್ರ ನೋಡಿದ್ದೆ. ಅಂಚು ಬಂಗಾರದ ಬಣ್ಣಕ್ಕೆ ಬಂದು ನೆಟ್ಟಗೆ ನಿಂತಿತ್ತು. ಪೇರಲದ ಹೋಳುಗಳು ಹೂವಿನ ಎಸಳುಗಳ ಹಾಗೆ ಸುತ್ತಿಕೊಂಡಿದ್ದವು. ಅಂಚು ಹೇಗೆ ನಿಂತಿತು ಎಂದು ಕೇಳಿದೆ.

"ಹ್ಯಾಂಗ ನಿಲ್ಲತದ್ರಿ, ನೀವು ಮೈದಾ ಮರ್ತಿದ್ರಿ," ಎಂದು ಅವರು ನಕ್ಕರು. "ನಾ ಎರಡ್ ಮುಷ್ಟಿ ಹಾಕಿ ಮತ್ತ ನಾದಿ ಲಟ್ಟಿಸೀನಿ. ಸಿಸ್ಟರ್ ನಮ್ಮ ಮನಿ ಮಂದಿಗೆಲ್ಲಾ ಎಷ್ಟ್ ಮಾಡ್ಯಾರು. ಇಷ್ಟರ ಮಾಡಬ್ಯಾಡಾ ನಾ?"

ನಾನು ಎಚ್ಚರಿಕೆ ಅಂತ ಹೇಳಿದ್ದನ್ನು ಅವರು ಕೊರತೆ ಅಂತ ತಿಳಿದುಕೊಂಡಿದ್ದರು. ಹೆಂಡತಿ ಸತ್ತ ಮುದುಕ ಮೈದಾ ಹಾಕುವುದನ್ನೂ ಮರೆತಿದ್ದಾನೆ ಎಂದು ಮರುಕಪಟ್ಟು ಸರಿಪಡಿಸಿದ್ದರು. ನಾನು ಶುಕ್ರಿಯಾ ಎಂದೆ. ಟಾರ್ಟ್ ಎತ್ತಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಅಕ್ಕ ಅದನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯಪ್ಪಾ, ಎಷ್ಟ ಚಂದ ಬಂದದೋ!"

"ಮೈದಾ ಹಾಕ್ಯಾರ."

"ಹಾಕಿದ್ರ ಹಾಕ್ಲಿ. ಎರಡ್ ಮುಷ್ಟಿ. ಅಕಿಗ ಹೇಳಬ್ಯಾಡ. ಗೊತ್ತಿಲ್ದ ತಿಂದ್ರ ಏನೂ ಆಗಂಗಿಲ್ಲ. ಎಲ್ಲಾ ಮನಸಿನ ಮ್ಯಾಲ ಇರ್ತದ."

"ಮನಸಿನ ಮ್ಯಾಲ ಅಲ್ಲಕ್ಕಾ. ಕರುಳಿನ ಮ್ಯಾಲ."

ನಾನು ಉಳಿದ ಬಾದಾಮಿಯನ್ನೂ ಖುಬಾನಿಯನ್ನೂ ಬೇರೆ ಬೇರೆ ಪಾತ್ರೆಗೆ ಹಾಕಿ ನೆನೆಸಿದೆ. ಅಕ್ಕ ನೋಡುತ್ತಾ ಕುಳಿತಿದ್ದಳು. ನನ್ನ ಹಠ ಇಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಿಟ್ಟುಸಿರು ಬಿಟ್ಟಳು.

"ಮತ್ತ ಭಟ್ಟಿಗೆ ಒಯ್ಯಬ್ಯಾಡ. ಅಲ್ಲಿ ಗಾಳಿನ್ಯಾಗೂ ಮೈದಾ ಇರ್ತದ. ನಿನ್ನ ಹೇಣ್ತಿ ಕುಕ್ಕರ್‌ನ್ಯಾಗ ಮಾಡ್ತಿದ್ಲು. ಕೆಳಗ ಉಪ್ಪ ಹಾಕಿ, ಅದರ ಮ್ಯಾಲ ಸ್ಟ್ಯಾಂಡ್ ಇಟ್ಟು. ಸೀಟಿ ಹಾಕಂಗಿಲ್ಲ, ರಬ್ಬರ್‌ನೂ ಹಾಕಂಗಿಲ್ಲ."

"ಮೊದಲ ಯಾಕ ಹೇಳ್ಲಿಲ್ಲ?"

"ನೀ ಎಲ್ಲಿ ಕೇಳ್ದಿ?"

ರಾತ್ರಿ ಸಿಪ್ಪೆ ತೆಗೆದು ಫ್ಯಾನಿನ ಕೆಳಗೆ ಹರವಿದ ಬಾದಾಮಿ ಬೆಳಿಗ್ಗೆ ಒಣಗಿತ್ತು. ಅಕ್ಕ ಹೇಳಿದ ಹಾಗೆಯೇ ಮಾಡಿದೆವು. ದೊಡ್ಡ ಕುಕ್ಕರಿನ ತಳಕ್ಕೆ ದಪ್ಪಗೆ ಉಪ್ಪು ಸುರಿದು ಸಣ್ಣ ಉರಿಯ ಮೇಲೆ ಕಾಯಿಸಿದೆ. ತಟ್ಟೆ ಹೊಸದು, ಚಾಕು ಹೊಸದು. ಅಂಚು ಈ ಸಲವೂ ನಿಲ್ಲಲಿಲ್ಲ. ಹಾಗೆಯೇ ತಟ್ಟೆಯನ್ನು ಸ್ಟ್ಯಾಂಡಿನ ಮೇಲೆ ಇಳಿಸಿದೆ. ಕಾಯುತ್ತಾ ಕುಕ್ಕರಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆ. ಕೊನೆಗೆ ಹೊರಗೆ ಬಂದದ್ದು ಒಂದು ಕಡೆ ಕಪ್ಪಗೆ, ಇನ್ನೊಂದು ಕಡೆ ಬೆಳ್ಳಗೆ ಇತ್ತು. ನಡುವೆ ಬಿರುಕು ಬಿಟ್ಟಿತ್ತು. ಆ ಬಿರುಕಿನ ಮೇಲೆ ಅಕ್ಕ ಬಾದಾಮಿ ಚೂರು ಉದುರಿಸಿದಳು. ಬಿರುಕು ಇನ್ನೂ ಎದ್ದು ಕಂಡಿತು.

ಮಧ್ಯಾಹ್ನ ಜನ ಬಂದರು. ಪಾಸ್ಟರು ಕೀರ್ತನೆ ಓದಿದರು, ಅವಳ ಸೇವೆಯನ್ನು ನೆನೆದರು. ನಾನು ಕಣ್ಣು ಮುಚ್ಚಿ, ಮಗಳಿಗೆ ಬಡಿಸುವ ಚಮಚ ಎಲ್ಲಿಟ್ಟೆ ಎಂದು ಯೋಚಿಸುತ್ತಿದ್ದೆ. ಊಟವಾದ ಮೇಲೆ ಭಟ್ಟಿಯ ಟಾರ್ಟ್ ಜನರಿಗೆ ಹೋಯಿತು. ಎಲ್ಲರೂ ಹೊಗಳಿದರು. ಯಾರು ಮಾಡಿದ್ದು ಎಂದು ಕೇಳಿದಾಗ ಅಕ್ಕ ನನ್ನ ಕಡೆ ತೋರಿಸಿದಳು. ನಾನು ಬೇಡವೆನ್ನಲಿಲ್ಲ.

ಮಗಳು ಒಳಗೆ ಅಡುಗೆಮನೆಯ ಕಟ್ಟೆಯ ಹತ್ತಿರ ಡಬ್ಬಿಯ ಚೀಲ ಹಿಡಿದು ನಿಂತಿದ್ದಳು. ಅವಳ ಮುಂದೆ ಎರಡನೆಯ ಟಾರ್ಟ್ ಇಟ್ಟೆ.

"ಇದ ಯಾರ ಮಾಡ್ಯಾರು?"

"ನಾನ. ಹೊರಗ ಮಂದಿಗೆ ಕೊಟ್ಟದ್ದು ಮುಟ್ಟಬ್ಯಾಡ, ಅದರಾಗ ಮೈದಾ ಅದ. ಇದರಾಗ ಇಲ್ಲ."

"ಅಕ್ಕಿ ಹಿಟ್ಟ ಗಿರಣೀದೇನ್ರಿ?"

"ಮಿಕ್ಸರ್‌ನ್ಯಾಗ ಬೀಸೀನಿ."

"ಮಿಕ್ಸರ್‌ನ್ಯಾಗ ಯಾವಾಗರ ಗೋಧಿ ಹಾಕೀರೇನ್ರಿ?"

"ಚಟ್ನಿ ಬಿಟ್ರ ಏನೂ ಹಾಕಿಲ್ಲ."

"ತುಪ್ಪ?"

"ಹೊಸಾ ಶೀಶೆ ತಗದೀನಿ. ಚಾಕೂನೂ ಹೊಸಾದು."

ಬಾಗಿಲಲ್ಲಿ ನಿಂತ ಅಕ್ಕ ತಡೆಯಲಾರದೆ ಒಳಗೆ ಬಂದಳು. "ಕೋರ್ಟ್‌ನ್ಯಾಗೂ ಇಷ್ಟ ಕೇಳಂಗಿಲ್ಲವ್ವಾ. ತಿಂದ್ರ ತಿನ್ನು, ಬಿಟ್ರ ಬಿಡು. ನನ್ನ ತಮ್ಮಗ ಬಿಪಿ ಅದ."

ಮಗಳು ಅತ್ತೆಯ ಕಡೆ ನೋಡಲಿಲ್ಲ. ಟಾರ್ಟಿನ ಬಿರುಕನ್ನು ನೋಡುತ್ತಿದ್ದಳು. ಆಮೇಲೆ ಚೀಲವನ್ನು ಕೆಳಗಿಟ್ಟು, ತಾನೇ ಚಾಕು ತೆಗೆದುಕೊಂಡು, ಕಪ್ಪಾದ ಕಡೆಯಿಂದ ಒಂದು ತುಂಡು ಕೊಯ್ದು ತಿಂದಳು. ಅಗಿಯಲು ಬಹಳ ಹೊತ್ತು ಬೇಕಾಯಿತು.

"ಉಪ್ಪ ಅದರಿ."

"ಕುಕ್ಕರ್‌ನ್ಯಾಗ ಹಾಕಿದ್ದೆ. ಜರಾ ಮ್ಯಾಲ ಹಾರಿರಬೇಕು."

"ಮಮ್ಮೀದು ಉಪ್ಪ ಇರ್ತಿದ್ದಿಲ್ಲ."

"ಇರ್ತಿದ್ದಿಲ್ಲ," ಎಂದೆ.

ಅವಳು ಇನ್ನೊಂದು ತುಂಡು ಕೊಯ್ದಳು. ಅದು ಮುಗಿದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಿತ್ತು. ನಾನು ಹೋಗಿ ನೋಡಲಿಲ್ಲ. ಅಕ್ಕ ಅವಳ ಹಿಂದೆ ಹೊರಟಳು, ನಾನು ತಡೆದೆ.

ಸಂಜೆಯ ಬಸ್ಸಿಗೆ ಮಗಳು ಔರಾದಿಗೆ ಹೋದಳು. ಅವಳು ತಿಂದಳು ಎಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದಲ್ಲ ಎಂಬುದು ನನಗೆ ಗೊತ್ತಿತ್ತು. ಅವಳ ಹೊಟ್ಟೆ ಕೆಡುವುದಾದರೆ ತಕ್ಷಣ ಕೆಡುವುದಿಲ್ಲ, ಮಾರನೆಯ ದಿನದೊಳಗೆ ಗೊತ್ತಾಗುತ್ತದೆ. ತಟ್ಟೆಗೆ ಎಲ್ಲಿಂದಾದರೂ ಒಂದು ಕಣ ಹಾರಿ ಬಿದ್ದಿದ್ದರೆ ಅವಳು ಮತ್ತೆ ಈ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಮಾರನೆಯ ದಿನ ಶಾಲೆ ಬಿಡುವ ಹೊತ್ತಿಗೆ ನಾನೇ ಫೋನ್ ಮಾಡಿದೆ. ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದೆ. ಸಿಕ್ಕಿತ್ತು. ಔರಾದಿನಲ್ಲಿ ಮಳೆಯೇ ಎಂದು ಕೇಳಿದೆ. ಇರಲಿಲ್ಲ. ಮಕ್ಕಳ ಪರೀಕ್ಷೆ ಯಾವಾಗ ಎಂದು ಕೇಳಿದೆ.

"ಪಪ್ಪಾ, ಕೇಳೂದು ಕೇಳ್ರಿ."

"ಏನ ಕೇಳಲಿ?"

"ಹೊಟ್ಟಿ ಛಲೋ ಅದರಿ. ಏನೂ ಆಗಿಲ್ಲ."

"ಹಾಂ," ಎಂದೆ.

"ಉಳದದ್ದು ಅದಲ್ರಿ? ಫ್ರಿಜ್‌ನ್ಯಾಗ ಇಡ್ರಿ. ರವಿವಾರ ಊಟಕ್ಕ ಬರ್ತೇನಿ."

ಉಳಿದದ್ದನ್ನು ನಾನು ಬೆಳಿಗ್ಗೆ ಚಹಾದ ಜೊತೆ ತಿಂದು ಮುಗಿಸಿದ್ದೆ. ಇಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಅಂಗಡಿ ಮುಚ್ಚುವ ಮೊದಲು ಬಾದಾಮಿ, ಖುಬಾನಿ ತರಲು ಚೀಲ ಹಿಡಿದು ಹೊರಟೆ.