ಹನ್ನೊಂದು ವರ್ಷದವನ ಅಂಗಿ

ನನ್ನ ಎಡಗೆನ್ನೆಯ ಗಾಯದ ಗುರುತು ನೋಡಿದ ಹೊಸಬರು ಗಂಡ ಹೊಡೆದನೇ ಎಂದು ಕೇಳುತ್ತಾರೆ. ಪಾಪ, ಅವನು ನೊಣಕ್ಕೂ ಹೊಡೆದವನಲ್ಲ. ಹೊಡೆದವಳು ಅರ್ಮಿಂಟಾ ಲೈವ್ಲಿ. ಗಣಿ ಕಂಪನಿಯ ಅಂಗಡಿಯಲ್ಲಿ ತಕ್ಕಡಿಯ ಪಕ್ಕದಲ್ಲಿದ್ದ ಎರಡು ಪೌಂಡ್ ತೂಕದ ಕಬ್ಬಿಣದ ಬಟ್ಟನ್ನು ಎತ್ತಿ ಬೀಸಿದಳು. ಎರಡು ದವಡೆಹಲ್ಲು ಅಲ್ಲೇ ಉದುರಿದವು. ಅರ್ಮಿಂಟಾ ರಾಕ್ಷಸಿಯಂತೆ, ರಕ್ತ ಕಂಡರೆ ಕುಣಿಯುತ್ತಿದ್ದಳಂತೆ ಎಂದು ಆ ಗಣಿ ಕಣಿವೆಯಲ್ಲಿ ಈಗಲೂ ಹೇಳುವವರಿದ್ದಾರೆ. ಅವರ ಬಾಯಿಗೆ ಕಲ್ಲಿದ್ದಲ ಬೂದಿ ಬೀಳಲಿ. ಒಂದೇ ಹಲಗೆ ಗೋಡೆಯ ಆಚೆ ಈಚೆ ನಾವಿಬ್ಬರೂ ಹನ್ನೆರಡು ವರ್ಷ ಬಾಳಿದವರು. ಅವಳು ಹೇಗಿದ್ದಳು, ಯಾಕೆ ಹಾಗಾದಳು ಎಂದು ಹೇಳಬೇಕಾದವಳು ನಾನು. ಆ ಏಟು ನನಗೆ ಬೀಳಬೇಕಾದ್ದೇ ಆಗಿತ್ತು.

ಅರ್ಮಿಂಟಾ ಎತ್ತರದ ಹೆಂಗಸು, ಒರಟು ಕೈ. ಸಾಬೂನು ತಾನೇ ಕುದಿಸುತ್ತಿದ್ದಳು, ಹಂದಿ ತಾನೇ ಕೊಯ್ಯುತ್ತಿದ್ದಳು. ಗಂಡ ಎಸ್ಟಿಲ್ ಗಣಿಯಲ್ಲಿ ಕಲ್ಲಿದ್ದಲು ಕಡಿಯುವವನು. ಮಗ ಕ್ಲೆಟಸ್, ಅವನ ಹಿಂದೆ ಇಬ್ಬರು ಹೆಣ್ಣುಮಕ್ಕಳು. ಅರ್ಮಿಂಟಾಗೆ ಓದು ಬರಹ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಆ ಜಂಬವೂ ಇತ್ತು. ಕಣಿವೆಯ ಯಾರ ಮನೆಯಲ್ಲಿ ಹೊರಗಿನ ದೊಡ್ಡ ಅಂಗಡಿಯ ಕ್ಯಾಟಲಾಗು ನೋಡಿ ಕದ್ದು ಬಟ್ಟೆ ತರಿಸಬೇಕಾದರೂ ಅರ್ಜಿ ತುಂಬುವವಳು ನಾನೇ.

೧೯೦೮ರ ಮಾರ್ಚ್‌ನಲ್ಲಿ ಅವಳು ಕ್ಯಾಟಲಾಗನ್ನು ಏಪ್ರನ್‌ನೊಳಗೆ ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ಮುಚ್ಚಿಕೊಳ್ಳಲೇಬೇಕಿತ್ತು. ಕಂಪನಿ ಮನೆಯಲ್ಲಿ ಇರುವವರು ಕಂಪನಿ ಅಂಗಡಿಯಲ್ಲೇ ಕೊಳ್ಳಬೇಕು. ಹೊರಗಿನಿಂದ ತರಿಸಿದವನ ಮೂಳೆ ಮುರಿಯುವುದಕ್ಕೆಂದೇ ಕಾವಲುಗಾರರಿಗೆ ಸಂಬಳ. ಹಾಗಾಗಿ ಪಾರ್ಸೆಲ್ ಪಟ್ಟಣದ ರೈಲು ನಿಲ್ದಾಣಕ್ಕೆ ಎಸ್ಟಿಲನ ಅಣ್ಣನ ಹೆಸರಿನಲ್ಲಿ ಬರುವುದೆಂದಾಗಿತ್ತು. ಹುಡುಗರ ಅಂಗಿಗಳ ಪುಟ ಬಿಡಿಸಿದಳು. ಬೈತಲೆ ತೆಗೆದ ಹುಡುಗರು ಜೇಬಿಗೆ ಕೈ ಹಾಕಿಕೊಂಡು ನಗುತ್ತಿದ್ದರು. ನೀಲಿ ಗೆರೆಯ ಬಿಳಿ ಅಂಗಿ, ಚಡ್ಡಿ ಜಾರದಂತೆ ಹಿಡಿಯುವ ಹೆಗಲಪಟ್ಟಿ, ಅದಕ್ಕೆ ಹಿತ್ತಾಳೆಯ ಕೊಕ್ಕೆ. ಅವಳ ಬೆರಳು ಅಲ್ಲಿಂದ ಕದಲಲಿಲ್ಲ.

"ಇದೇ ಕಣೇ ಎಫೀ. ಈಸ್ಟರ್‌ಗೆ ನಮ್ಮ ಕ್ಲೆಟಸ್ ಚರ್ಚಲ್ಲಿ ಪದ್ಯ ಹೇಳ್ತಾನೆ. ಬರಿ. ವಯಸ್ಸು ಎಂಟು."

ಅರ್ಜಿಯಲ್ಲಿ ಅಳತೆ ಕೇಳುವುದಿಲ್ಲ, ಹುಡುಗನ ವಯಸ್ಸು ಕೇಳುತ್ತಾರೆ. ನಾನು ಹನ್ನೊಂದು ಎಂದು ಬರೆದೆ. ನಮ್ಮ ಕಣಿವೆಯಲ್ಲಿ ನಿಜವಾದ ವಯಸ್ಸನ್ನು ಯಾರೂ ಬರೆಸುತ್ತಿರಲಿಲ್ಲ. ಮಗು ಬೆಳೆಯುತ್ತದೆ, ಅಂಗಿ ಮೂರು ವರ್ಷ ಬಾಳಬೇಕು. ಎಂಟಕ್ಕೆ ಹನ್ನೊಂದು, ಹತ್ತಕ್ಕೆ ಹದಿಮೂರು. ಹುರುಳಿಕಾಯಿಗೆ ಉಪ್ಪು ಹಾಕುವಾಗ ಯಾರನ್ನಾದರೂ ಕೇಳುತ್ತೇವೆಯೇ? ಅವಳಿಗೆ ಗೊತ್ತಿರುತ್ತದೆ ಎಂದುಕೊಂಡು ಹೇಳದೆಯೇ ಬಿಟ್ಟೆ. ಅವಳು ಕ್ಯಾಟಲಾಗಿನಿಂದ ತರಿಸುತ್ತಿದ್ದುದು ಅದೇ ಮೊದಲು.

ಅಂಗಿ ಬಂತು. ನಮ್ಮ ಅರ್ಜಿಯ ಮೇಲೆಯೇ ಮುದ್ರೆ ಒತ್ತಿ, ತಾರೀಖು ಹಾಕಿ, ಸಾಮಾನಿನ ಜೊತೆ ವಾಪಸ್ಸು ಕಳಿಸಿದ್ದರು. ಕ್ಲೆಟಸ್ ಹಾಕಿಕೊಂಡರೆ ಕೈಗಳೇ ಕಾಣಲಿಲ್ಲ. ಎಸ್ಟಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ ಮಗನೇ, ಒಳಗೆ ಇನ್ನೊಬ್ಬ ಬಾಡಿಗೆಗೆ ಇರಬಹುದಲ್ಲೋ!"

"ಇದೇನೇ ಇಷ್ಟು ದೊಡ್ಡದು?" ಎಂದಳು ಅರ್ಮಿಂಟಾ.

"ಪಟ್ಟಣದೋರು ಧಾರಾಳವಾಗಿ ಹೊಲೀತಾರಮ್ಮ," ಎಂದೆ. ಅವಳು ತೋಳನ್ನು ಎರಡು ಮಡಿಕೆ ಮಡಚಿದಳು. ಈಸ್ಟರ್ ದಿನ ಹುಡುಗ ಒಂದು ಸಾಲನ್ನೂ ಮರೆಯದೆ ಪದ್ಯ ಹೇಳಿದ.

ಆದರೆ ಹಿಂದಿನ ಬೆಂಚಿನಲ್ಲಿ ಬ್ಯಾಸ್ಕಮ್ ರೂಕ್ ಕೂತಿದ್ದ. ಕಾವಲುಗಾರರಿಗೆಲ್ಲ ಹಿರಿಯ, ಹಾಳಾದವನು. ಕಂಪನಿ ಅಂಗಡಿಯ ಹೆಗಲಪಟ್ಟಿಗೆ ತಗಡಿನ ಕೊಕ್ಕೆ ಇರುತ್ತಿತ್ತು. ಹುಡುಗನ ಹೆಗಲಲ್ಲಿ ಹಿತ್ತಾಳೆ ಮಿನುಗಿದ್ದನ್ನು ಅವನು ಕಂಡ.

ಮರುದಿನ ಸಂಜೆ ಇಬ್ಬರು ಕಾವಲುಗಾರರನ್ನು ಕಟ್ಟಿಕೊಂಡು ಎಸ್ಟಿಲನ ಮನೆಗೆ ಬಂದ. ಕೈಯಲ್ಲಿ ಪಿಕಾಸಿಯ ಹಿಡಿ. ಗೋಡೆಯ ಬಿರುಕಿನಿಂದ ನಾನು ಎಲ್ಲವನ್ನೂ ನೋಡಿದೆ. "ನಾನು ದುಡಿದಿದ್ದು, ನಾನು ತಗೊಂಡೆ. ನಿಂಗೇನೋ?" ಎಂದ ಎಸ್ಟಿಲ್. ಮಾತು ಮುಗಿಯುವ ಮೊದಲೇ ಏಟು ಬಾಯಿಗೆ ಬಿತ್ತು. ಹಲ್ಲುಗಳು ತಟ್ಟೆಯಲ್ಲಿದ್ದ ಮೆಕ್ಕೆಜೋಳದ ರೊಟ್ಟಿಯ ಮೇಲೆ ಬಿದ್ದವು. ಎರಡನೆಯ ಏಟು ಮಂಡಿಗೆ. ಅರ್ಮಿಂಟಾ ರೂಕ್‌ನ ಮಣಿಕಟ್ಟನ್ನು ಕಚ್ಚಿ ಹಿಡಿದಳು. ಅವನು ಅವಳ ತಲೆಯನ್ನು ಮೂರು ಸಲ ಗೋಡೆಗೆ ಬಡಿದ ಮೇಲೆಯೇ ಬಿಟ್ಟಳು. ಆ ಮೂರು ಸಲವೂ ನಮ್ಮ ಕಡೆಯ ಗೂಟದ ಮೇಲಿನ ಬಾಣಲೆ ಅಲುಗಾಡಿತು. ನನ್ನ ಗಂಡ ನನ್ನ ಬಾಯಿ ಮುಚ್ಚಿ ಹಿಡಿದಿದ್ದ.

ಆಮೇಲೆ ಮನೆಯನ್ನೆಲ್ಲ ಜಾಲಾಡಿದರು. ರೂಕ್ ಬೈಬಲನ್ನು ಬೆನ್ನು ಹಿಡಿದು ಕೊಡವಿದ. ಮುದ್ರೆ ಒತ್ತಿ ಬಂದಿದ್ದ ಅಂಗಿಯ ಅರ್ಜಿ ಚೀಟಿ ಕೆಳಗೆ ಬಿತ್ತು. ಅದನ್ನು ಜೇಬಿಗಿಟ್ಟುಕೊಂಡು ಬೈಬಲನ್ನು ಒಲೆಗೆ ಹಾಕಿದ. ಆ ಮನೆಯ ಹುಟ್ಟು ಸಾವುಗಳನ್ನೆಲ್ಲ ಬರೆದಿದ್ದುದು ಆ ಬೈಬಲಿನ ಮೊದಲ ಹಾಳೆಯಲ್ಲಿ. ಬೇರೆಲ್ಲೂ ಬರೆದಿರಲಿಲ್ಲ.

ಚೀಟಿಯನ್ನು ಅಂಗಡಿಯ ಗಲ್ಲಾದ ಹಿಂದಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಹೊರಗಿನಿಂದ ತರಿಸುವವರಿಗೆ ಎಚ್ಚರಿಕೆ ಎಂದು. ಮೂರು ವರ್ಷ ಅದು ಅಲ್ಲೇ ಇತ್ತು, ನೊಣ ಕೂತು ಕೂತು ಚುಕ್ಕೆಯಾಯಿತು. ಹಿಟ್ಟು ತರಲು ಹೋದಾಗಲೆಲ್ಲ ನನ್ನದೇ ಅಕ್ಷರ ನನ್ನನ್ನು ನೋಡುತ್ತಿತ್ತು. ನನಗೇನೂ ಅನ್ನಿಸುತ್ತಿರಲಿಲ್ಲ.

೧೯೧೧ರ ಮಾರ್ಚ್‌ನಲ್ಲಿ ಗಣಿಯ ಚಾವಣಿ ಕುಸಿದು ಎಸ್ಟಿಲ್ ಸತ್ತ. ಹಳೆಯ ಬಾಗಿಲ ಮೇಲೆ ಮಲಗಿಸಿ ತಂದರು. ಮುಖ ಉಳಿದಿರಲಿಲ್ಲ; ಇಲ್ಲದ ನಾಲ್ಕು ಹಲ್ಲುಗಳಿಂದ ಅರ್ಮಿಂಟಾ ಗುರುತು ಹಿಡಿದಳು. ಮಣ್ಣು ಮಾಡಿದ ನಾಲ್ಕನೆಯ ದಿನ ರೂಕ್ ಬಂದು ಬಾಗಿಲು ಒದ್ದ.

ಕಂಪನಿಯ ಕಟ್ಟಳೆ ಹೀಗಿತ್ತು. ಸತ್ತವನ ಮನೆಯಲ್ಲಿ ಹದಿನಾಲ್ಕು ತುಂಬಿದ ಮಗನಿದ್ದರೆ ಅವನು ಗಣಿಗೆ ಇಳಿಯಬೇಕು, ಇಲ್ಲವೇ ಅಂದೇ ಮನೆ ಬಿಡಬೇಕು. ಅಂಥ ಮಗನಿಲ್ಲದಿದ್ದರೆ ವಿಧವೆ ಮೇ ತಿಂಗಳವರೆಗೆ ಮನೆಯಲ್ಲಿರಬಹುದು. ಹೊರಗೆ ಮೊಣಕಾಲುದ್ದ ಹಿಮ. ಚಿಕ್ಕ ಹುಡುಗಿಗೆ ಜ್ವರ. ಮೇ ತಿಂಗಳಲ್ಲಿ ಪಟ್ಟಣದ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ ಕೊಡುತ್ತೇವೆಂದು ಅವಳಿಗೆ ಮಾತು ಕೊಟ್ಟಿದ್ದರು. ಅಲ್ಲಿಯವರೆಗೆ ಮಗನನ್ನು ಗಣಿಯಿಂದ ದೂರ ಇಟ್ಟರೆ ಸಾಕಿತ್ತು.

"ನಿನ್ನ ಹುಡುಗಂಗೆ ಹದಿನಾಲ್ಕಾಯ್ತಲ್ಲ," ಎಂದ ರೂಕ್.

"ಹನ್ನೊಂದು! ನಾನು ಹೆತ್ತೋಳು ಹೇಳ್ತಿದೀನಿ."

"ಹೆತ್ತೋರೆಲ್ಲ ಹಂಗೇ ಹೇಳ್ತಾರೆ. ಸೋಮವಾರದಿಂದ ಗಣಿಯೊಳಗೆ ಬಾಗಿಲು ಕಾಯೋ ಕೆಲಸ."

ಅದೃಷ್ಟಕ್ಕೆ ಸರ್ಕಾರದ ಗಣಿ ತಪಾಸಣೆಯವನೊಬ್ಬ ಆ ಶನಿವಾರ ಬಂದ. ಅರ್ಮಿಂಟಾ ಮಗನ ಕೈ ಹಿಡಿದುಕೊಂಡು ಅಂಗಡಿಗೇ ಹೋದಳು. ನನ್ನನ್ನೂ ಎಳೆದುಕೊಂಡು ಹೋದಳು. ಜನ ತುಂಬಿದ್ದರು, ನನ್ನ ಗಂಡನೂ ಇದ್ದ. ತಪಾಸಣೆಯವನು ಕೆಟ್ಟವನಲ್ಲ, ದಣಿದಿದ್ದ. ಎಲ್ಲ ಕೇಳಿ, "ಹದಿನಾಲ್ಕು ಆಗಿಲ್ಲದಿದ್ರೆ ಇಳಿಸೋ ಹಾಗಿಲ್ಲಮ್ಮ. ಏನಾದ್ರೂ ಕಾಗದ ಇದೆಯಾ?" ಎಂದ.

"ಬೈಬಲನ್ನ ಇವನು ಸುಟ್ಟ," ಎಂದು ರೂಕ್‌ನತ್ತ ಬೆರಳು ತೋರಿಸಿದಳು. ಆಮೇಲೆ ಅವಳ ಮುಖ ಇದ್ದಕ್ಕಿದ್ದಂತೆ ಬೆಳಗಿತು. "ಅಲ್ಲಿದೆ ಸಾಹೇಬ್ರೇ! ಅಗೋ, ಆ ಮೊಳೆಗೆ! ಅಂಗಿ ತರಿಸುವಾಗ ವಯಸ್ಸು ಬರೆಸಿದ್ದೆ. ತಾರೀಖೂ ಇದೆ."

 ನಾನು ಅವಳ ಶಾಲಿನ ತುದಿ ಹಿಡಿದು ಜಗ್ಗಿದೆ. "ಬೇಡ ಕಣೇ, ಬೇಡ..." ಅವಳು ಕೊಡವಿಕೊಂಡಳು. ತಪಾಸಣೆಯವನು ಚೀಟಿ ಕಿತ್ತು, ಕನ್ನಡಕ ಏರಿಸಿ ಓದಿದ.

"ಹುಡುಗನ ವಯಸ್ಸು ಹನ್ನೊಂದು. ಮಾರ್ಚ್ ೧೯೦೮." ಬೆರಳು ಮಡಚಿ ಲೆಕ್ಕ ಹಾಕಿದ. "ಈ ತಿಂಗಳಿಗೆ ಹದಿನಾಲ್ಕು ಆಯ್ತಲ್ಲಮ್ಮ."

ರೂಕ್ ಗಹಗಹಿಸಿ ನಕ್ಕ. ಅರ್ಮಿಂಟಾ ಹಿಮದಲ್ಲಿ ಮನೆಗೆ ಓಡಿ ಆ ಅಂಗಿಯನ್ನೇ ತಂದು ಎಲ್ಲರೆದುರು ಮಗನಿಗೆ ತೊಡಿಸಿದಳು. ಮೂರು ವರ್ಷವಾದರೂ ತೋಳು ಬೆರಳಿನ ತುದಿ ದಾಟುತ್ತಿತ್ತು. "ನೋಡ್ರಿ! ಹದಿನಾಲ್ಕರ ಮೈಯಾ ಇದು?"

"ಇಲ್ಲಿ ಮಕ್ಕಳು ಸೊರಗಿರ್ತಾರಮ್ಮ. ಮೈ ನೋಡಿ ವಯಸ್ಸು ಬರೆಯೋಕಾಗಲ್ಲ. ಈ ಚೀಟಿ ಬರೆದೋರು ಯಾರು?"

ಅರ್ಮಿಂಟಾ ನನ್ನ ಕಡೆ ತಿರುಗಿದಳು. "ಇವಳು. ಹೇಳೇ ಎಫೀ. ಆವತ್ತು ನಾನು ಎಷ್ಟು ಅಂತ ಹೇಳಿದ್ದೆ?"

ಇಷ್ಟು ಹೇಳಿದ್ದರೆ ಸಾಕಿತ್ತು: ಅವಳು ಎಂಟು ಎಂದಳು, ನಾನು ಹನ್ನೊಂದು ಬರೆದೆ, ನಾವೆಲ್ಲ ಹಾಗೇ ಬರೆಯುತ್ತೇವೆ. ಅಲ್ಲಿ ನಿಂತಿದ್ದ ಒಬ್ಬೊಬ್ಬ ಹೆಂಗಸಿಗೂ ಅದು ಗೊತ್ತಿತ್ತು. ಎಲ್ಲರೂ ನೆಲ ನೋಡುತ್ತಿದ್ದರು. ರೂಕ್ ಪಿಕಾಸಿಯ ಹಿಡಿಯನ್ನು ನನ್ನ ಗಂಡನ ಹೆಗಲ ಮೇಲೆ ಮೆಲ್ಲಗೆ ಇಟ್ಟ, ಗೆಳೆಯನ ಹೆಗಲಿಗೆ ಕೈ ಹಾಕಿದ ಹಾಗೆ. ಎಸ್ಟಿಲನ ಹಲ್ಲು ರೊಟ್ಟಿಯ ಮೇಲೆ ಬಿದ್ದದ್ದು ನನ್ನ ಕಣ್ಣಿಗೆ ಕಟ್ಟಿತು.

"ನೀನು ಹೇಳಿದ್ದನ್ನೇ ಬರೆದೆ," ಎಂದೆ.

ಥೂ, ನನ್ನ ಜನ್ಮಕ್ಕೆ! ಅವಳ ಕೈ ತಕ್ಕಡಿಯತ್ತ ಹೋಯಿತು. ಆಮೇಲೆ ಕಬ್ಬಿಣದ ಬಟ್ಟು ಬಂತು. ನೆಲದ ಮೇಲೆ ಬಿದ್ದು ರಕ್ತ ಉಗುಳುತ್ತಿದ್ದಾಗ ಕ್ಲೆಟಸ್ ಹೇಳಿದ್ದು ಕೇಳಿಸಿತು. "ಬಿಡಮ್ಮಾ, ನಾನು ಹೋಗ್ತೀನಿ. ಬಾಗಿಲು ತೆಗೆದು ಹಾಕೋದು ತಾನೇ? ನಂಗೆ ಬರುತ್ತೆ."

ಗಣಿಯೊಳಗಿನ ಮರದ ಬಾಗಿಲ ಪಕ್ಕ ಕತ್ತಲಲ್ಲಿ ಕೂತಿದ್ದು, ಕಲ್ಲಿದ್ದಲ ಬಂಡಿ ಬಂದಾಗ ತೆಗೆಯಬೇಕು, ಹೋದ ಮೇಲೆ ಮುಚ್ಚಬೇಕು. ಕೆಲಸ ಅಷ್ಟೇ. ಅವನು ಹತ್ತೊಂಬತ್ತು ದಿನ ಮಾಡಿದ. ಇಪ್ಪತ್ತನೆಯ ದಿನ ಬಾಗಿಲು ಎಳೆದು ಹಿಂದೆ ಸರಿಯುವಷ್ಟರಲ್ಲಿ ಓಡುತ್ತಿದ್ದ ಬಂಡಿಯ ಕಬ್ಬಿಣಕ್ಕೆ ಬೆನ್ನಿನ ಹೆಗಲಪಟ್ಟಿ ಸಿಕ್ಕಿಕೊಂಡಿತು. ಅಂಗಿಯ ಜೊತೆ ತರಿಸಿದ್ದ ಆ ಪಟ್ಟಿಯೂ ಇನ್ನೂ ದೊಡ್ಡದಾಗಿತ್ತು, ಸಡಿಲವಾಗಿ ಜೋಲುತ್ತಿತ್ತು. ಅರವತ್ತು ಅಡಿ ಎಳೆದುಕೊಂಡು ಹೋಯಿತಂತೆ. ಅರ್ಮಿಂಟಾಗೆ ಕೊಟ್ಟದ್ದು ಚೀಲದಲ್ಲಿ ಕಟ್ಟಿದ ಮೈ. ಪಟ್ಟಿ ಮಾತ್ರ ಹರಿದಿರಲಿಲ್ಲ, ಹಿತ್ತಾಳೆಯ ಕೊಕ್ಕೆಗಳೂ ಹಾಗೇ ಇದ್ದವು.

ನಾನು ಅವಳ ಬಾಗಿಲಿಗೆ ಹೋದೆ. ಅವಳು ತೆಗೆಯಲಿಲ್ಲ. ಗೋಡೆಯ ಬಿರುಕಿಗೆ ಬಾಯಿಟ್ಟು, "ತಪ್ಪಾಯ್ತು ಕಣೇ," ಎಂದೆ. ಆಚೆಯಿಂದ ಬಿರುಕಿಗೆ ಬಟ್ಟೆ ತುರುಕಿದಳು.

ಮರುದಿನ ಬೆಳಗ್ಗೆ ರೂಕ್ ಅಂಗಡಿಯ ಜಗಲಿಯ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತಿದ್ದ. ಅರ್ಮಿಂಟಾ ನೆಟ್ಟಗೆ ನಡೆದು ಬಂದಳು. ಪಟ್ಟಿಯನ್ನು ಎರಡು ಮಡಿಕೆ ಮಾಡಿ ಕೈಗೆ ಸುತ್ತಿಕೊಂಡಿದ್ದಳು, ಕೊಕ್ಕೆಗಳು ತುದಿಯಲ್ಲಿದ್ದವು. "ಏನಮ್ಮಾ, ಮನೆ ಖಾಲಿ ಮಾಡಿದ್ಯಾ?" ಎಂದ ರೂಕ್. ಮೊದಲ ಏಟಿಗೇ ಅವನ ಹಣೆ ಸೀಳಿತು. ಎರಡನೆಯದಕ್ಕೆ ಬಲಗಣ್ಣು ಹೋಯಿತು. ಕುರ್ಚಿಯ ಸಮೇತ ಬಿದ್ದವನ ಎದೆಯ ಮೇಲೆ ಮಂಡಿಯೂರಿ ಹೊಡೆದಳು, ಹೊಡೆದಳು, ಪ್ರತಿ ಏಟಿಗೂ ಒಂದೇ ಮಾತು: "ಹನ್ನೊಂದು! ಹನ್ನೊಂದು!" ನಾಲ್ಕು ಜನ ಸೇರಿ ಎಳೆದರು. ಅವಳನ್ನು ಬಂದೂಕಿನ ಹಿಡಿಯಿಂದ ಚಚ್ಚಿದರು. ಅವಳ ಬಲಗೈ ಮೂಳೆ ಮುರಿದ ಮೇಲೆಯೇ ಪಟ್ಟಿ ಕೆಳಗೆ ಬಿದ್ದದ್ದು.

ಪಟ್ಟಣದ ಕೋರ್ಟಿನಲ್ಲಿ ವಿಚಾರಣೆ ನಡೆದಾಗ ಸಾಕ್ಷಿ ಹೇಳುತ್ತೇನೆಂದು ಹೊರಟೆ. ಗಂಡ ಬಾಗಿಲಿಗೆ ಅಡ್ಡ ನಿಂತ. ತಳ್ಳಿಕೊಂಡು ಹೋದೆ. ನ್ಯಾಯಾಧೀಶರ ಮುಂದೆ ನಿಂತು, ಅವಳು ಎಂಟು ಎಂದಳು, ನಾನು ಹನ್ನೊಂದು ಬರೆದೆ, ಕೇಳಿದಾಗ ಸುಳ್ಳು ಹೇಳಿದೆ, ಹುಡುಗನಿಗೆ ಹನ್ನೊಂದೇ ಆಗಿತ್ತು ಎಂದೆ. ಕಟಕಟೆಯಲ್ಲಿದ್ದ ಅರ್ಮಿಂಟಾ ಮೊದಲ ಸಲ ತಲೆಯೆತ್ತಿದಳು.

"ಈಗ ಹೇಳಿ ಏನು ಬಂತೇ, ಎಫೀ?" ಎಂದಳು. ಅದರಲ್ಲಿ ಕೋಪ ಕೂಡ ಇರಲಿಲ್ಲ. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ರೂಕ್ ಬದುಕಿಕೊಂಡ, ಅವಳಿಗೆ ಮೂರು ವರ್ಷ ಸೆರೆಯಾಯಿತು. ಎರಡನೆಯ ಚಳಿಗಾಲದಲ್ಲಿ ಎದೆಯ ಕಾಯಿಲೆ ಬಂದು ಅಲ್ಲೇ ತೀರಿಕೊಂಡಳು. ಹೆಣ್ಣುಮಕ್ಕಳನ್ನು ಅನಾಥಾಲಯದವರು ಕರೆದುಕೊಂಡು ಹೋಗಿದ್ದರು. ನಾನು ಸಾಕ್ಷಿ ಹೇಳಿ ಕಣಿವೆಗೆ ವಾಪಸ್ಸು ಬಂದಾಗ ನಮ್ಮ ಮಂಚ, ಬಾಣಲೆ, ಹಾಸಿಗೆ ಎಲ್ಲ ರಸ್ತೆಯಲ್ಲಿ ಬಿದ್ದಿದ್ದವು. ಗಂಡ ಅವುಗಳ ಮಧ್ಯೆ ಕೂತಿದ್ದ. ಬೈಯಲಿಲ್ಲ.

ಗಾಡಿಗೆ ಸಾಮಾನು ಹೇರುವ ಮೊದಲು ಗುಡ್ಡದ ಮೇಲಿನ ಸಮಾಧಿಗಳ ಹತ್ತಿರ ಹೋದೆ. ಕ್ಲೆಟಸ್‌ನ ತಲೆಯ ಬಳಿ ಕಂಪನಿಯ ಬಡಗಿ ನೆಟ್ಟ ಹಲಗೆ ಇತ್ತು: ಕ್ಲೆಟಸ್ ಲೈವ್ಲಿ, ವಯಸ್ಸು ಹದಿನಾಲ್ಕು. ಅಡುಗೆಯ ಚಾಕು ತಂದಿದ್ದೆ. ಮೊಣಕಾಲೂರಿ ಬಣ್ಣ ಕೆರೆದೆ, ಮರವನ್ನೇ ಕೆತ್ತಿದೆ, ಉಗುರಿನ ಸಂದಿಯಲ್ಲಿ ರಕ್ತ ಬಂತು. ಹಿಂದೊಮ್ಮೆ ಅವನ ವಯಸ್ಸೆಂದು ನಾನೇ ಸುಳ್ಳಾಗಿ ಬರೆದಿದ್ದ ಅಂಕಿಯನ್ನು ಮತ್ತೊಮ್ಮೆ ಬರೆದೆ: ಹನ್ನೊಂದು.